ಮೆಟ್ಟಿಲ ಮೇಲೆ ಎಸೆದ ಚೆಂಡು

ಮೂರನೇ ಮಹಡಿ, ಬೀದಿ ಕಡೆಯ ಕೋಣೆ
ಹನ್ನೆರಡನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

...ಸುಮ್ನೆ ಕೂತ್ರೆ ಯೋಚನೆ ಶುರುವಾಗುತ್ತೆ, ಕೂರೋಕೆ ಬಿಡಬೇಡ ಅಂತ ಏನೋ ನೀನು ಹೇಳಿದ್ದೆ, ಹಡಗು ಹತ್ತಲು ಹೊರಟ ದಿನ ಬಾಗಿಲಲ್ಲಿ ಬೂಟಿನ ದಾರ ಬಿಗಿಯುತ್ತಾ. ನಾಯಿಯ ವಿಷಯಕ್ಕೆ ಹೇಳಿದೆಯೋ ನನ್ನ ವಿಷಯಕ್ಕೋ ಎಂದು ಆಗ ಕೇಳಲಿಲ್ಲ. ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಮುಲಾಮನ್ನು ಪೆಟ್ಟಿಗೆಯ ಮೂಲೆಯಲ್ಲಿ, ಕಂದು ಕಾಲುಚೀಲದೊಳಗೆ ಇಟ್ಟಿದ್ದೆ, ನೀನು ಹುಡುಕಿರುವುದಿಲ್ಲ. ನಾನು ಚೆನ್ನಾಗಿದ್ದೇನೆ. ದಂತವೈದ್ಯರ ಕಡೆಯಿಂದ ಕಟ್ಟುಹಲ್ಲಿನ ಕೆಲಸ ಬರುತ್ತಲೇ ಇದೆ. ಈ ವಾರ ಒಬ್ಬ ಮುದುಕರು ತಮ್ಮ ಹೊಸ ಹಲ್ಲು ತೀರಾ ಬೆಳ್ಳಗಿವೆ, ನಗಲು ನಾಚಿಕೆಯಾಗುತ್ತದೆ ಎಂದು ವಾಪಸು ಕಳಿಸಿದ್ದಾರೆ. ಹಳದಿ ಬಣ್ಣ ಹಚ್ಚಿ ಅವಕ್ಕೆ ಸ್ವಲ್ಪ ವಯಸ್ಸು ತುಂಬುತ್ತಾ ಕೂತಿದ್ದೇನೆ. ದೊರೆ ನನ್ನ ಕಾಲ ಬಳಿ ಮಲಗಿದ್ದಾನೆ. ಹಗಲು ಹೊತ್ತಿನಲ್ಲಿ ನಿನ್ನ ನಾಯಿ ಮಲಗಿದೆ ಎಂದು ಬರೆದರೆ ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ನೀನು ಬರೆದು ಅಂಟಿಸಿದ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಹಾಗೇ ಇದೆ. ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ, ಮೈದಾನದಲ್ಲಿ ಟೈರಿನೊಳಗಿಂದ ಹತ್ತು ಸಲ ಹಾರಿಸುವುದು, ಸಂಜೆ ಹುಲ್ಲಿನ ಮೇಲೆ ಚೆಂಡಾಟ. ಹುಲ್ಲಿನ ಮೇಲೆ ಎಂಬ ಮಾತಿನ ಅಡಿಗೆ ಎರಡು ಗೆರೆ. ಮೊದಲ ಎರಡು ವಾರ ತಪ್ಪದೆ ಹೋದೆ. ಅಲ್ಲಿ ನಾಯಿ ಹಿಡಿದವರೆಲ್ಲ ಮಾತಾಡುತ್ತಾರೆ, ಅಣ್ಣಾ. ನಾಯಿಗಳಾದರೂ ಮೂಸಿ ಬಿಡುತ್ತವೆ, ಇವರು ಬಿಡುವುದಿಲ್ಲ. ನಾನೋ, ಎದುರಿಗಿರುವವರು ಬಾಯಿ ತೆರೆದರೆ ಮಾತು ಬಿಟ್ಟು ದವಡೆ ನೋಡುವವಳು. ನೀನೇ ಹಲ್ಲಮ್ಮ ಎಂದು ಹೆಸರಿಟ್ಟೆಯಲ್ಲ. ಮೂರನೇ ವಾರ ಕೆಲಸ ಹೆಚ್ಚಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆಚ್ಚಾಗಿರಲಿಲ್ಲ.

ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಹೊಯ್ದ ಮೇಲೆ ಅದು ಗಟ್ಟಿಯಾಗುವ ತನಕ ಅರ್ಧ ಗಂಟೆ ಕೈಗೆ ಕೆಲಸವಿಲ್ಲ. ಒಂದು ದಿನ ಆ ಅರ್ಧ ಗಂಟೆಯಲ್ಲಿ ಬಾಗಿಲು ತೆರೆದು, ಸ್ಟೂಲಿನ ಮೇಲೆ ಕೂತು, ಚೆಂಡನ್ನು ಮೆಟ್ಟಿಲ ಕೆಳಗೆ ಎಸೆದೆ. ದೊರೆ ಮೂರು ಮಹಡಿ ಇಳಿದು, ಮೂರು ಮಹಡಿ ಹತ್ತಿ, ಚೆಂಡು ತಂದು ನನ್ನ ಚಪ್ಪಲಿಯ ಮೇಲಿಟ್ಟ. ಇಪ್ಪತ್ತು ಎಸೆತಕ್ಕೆ ಅವನ ನಾಲಿಗೆ ಜೋತುಬಿತ್ತು. ಮೈದಾನದಲ್ಲಿ ಎರಡು ಗಂಟೆಗೆ ಆಗುವುದು ಇಲ್ಲಿ ಅರ್ಧ ಗಂಟೆಗೆ ಆಯಿತಲ್ಲ ಎಂದು, ಪೆದ್ದಿಯ ಹಾಗೆ, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆಮೇಲೆ ದಿನಕ್ಕೆ ಎಷ್ಟು ಅಚ್ಚೋ ಅಷ್ಟು ಆಟ. ಕೆಳಗಿನ ಮನೆಯ ಹೊಲಿಗೆಯಾಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು: "ಏನ್ರೀ, ನಿಮ್ಮ ದೊರೆಗಳು ದಿನಕ್ಕೆ ಎಷ್ಟು ಸಲ ದಂಡಯಾತ್ರೆ ಹೋಗ್ತಾರೆ?" ಹಿಂದಿನ ಎರಡು ಪತ್ರಗಳಲ್ಲಿ ಅವನು ಮೈದಾನದಲ್ಲಿ ಚೆನ್ನಾಗಿ ಓಡುತ್ತಿದ್ದಾನೆ ಎಂದು ಬರೆದಿದ್ದೆ. ಓಡುತ್ತಿದ್ದುದು ನಿಜ. ಮೈದಾನ ಸುಳ್ಳು.

ಈಗ ಹಿಂದಿನ ಎಡಗಾಲನ್ನು ನೆಲಕ್ಕೆ ಪೂರ್ತಿ ಊರುವುದಿಲ್ಲ. ಸೋಮವಾರ ಅವನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೋದೆ. ಇಷ್ಟು ಭಾರ ಇದ್ದಾನೆಂದು ಗೊತ್ತಿರಲಿಲ್ಲ. ಮಂಡಿಯನ್ನು ಬಿಗಿಯಾಗಿ ಹಿಡಿದಿಡುವ ಒಂದು ಹುರಿ ಒಳಗೆ ಇರುತ್ತದಂತೆ. ಅದು ಅರ್ಧ ಹರಿದಿದೆ. ಕಲ್ಲಿನ ಮೆಟ್ಟಿಲಲ್ಲಿ ರಭಸವಾಗಿ ಇಳಿದು ತಿರುವಿನಲ್ಲಿ ಜಾರಿ ನಿಲ್ಲುವಾಗ ಹೀಗಾಗುತ್ತದಂತೆ. ಪಶುವೈದ್ಯೆ ನನಗಿಂತ ಚಿಕ್ಕವಳು, ಬೈಯಲಿಲ್ಲ. "ಎಷ್ಟು ದಿನದಿಂದ ಕುಂಟ್ತಿದಾನೆ?" ಎಂದು ಕೇಳಿದಳು. ಮೂರು ದಿನ ಎಂದೆ. "ಹಾಗಾದ್ರೆ ಹೊಸ ಪೆಟ್ಟು. ಎಂಟು ವಾರ ಓಟ, ಹಾರಾಟ ಏನೂ ಬೇಡ, ತಾನೇ ಕೂಡ್ಕೊಳ್ಳುತ್ತಾ ನೋಡೋಣ. ಹಳೇದಾಗಿದ್ರೆ ಕುಯ್ಯದೆ ಗತಿ ಇರ್ಲಿಲ್ಲ, ತಡ ಮಾಡಿದಷ್ಟೂ ಮಂಡಿ ಸವೆದು ಹೋಗುತ್ತೆ." ಅಂದಿನಿಂದ ಮಂಚದ ಕಾಲಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದೇನೆ. ಬಟ್ಟೆಯ ಗಂಟಿನೊಳಗೆ ಬಿಸ್ಕತ್ತಿನ ಚೂರು ಅಡಗಿಸಿ ಕೊಡುತ್ತೇನೆ, ಮೂಗಿಗಾದರೂ ಆಟ ಸಿಗಲಿ ಎಂದು. ಮುಖದಾಕ್ಷಿಣ್ಯಕ್ಕೆ ಎಂಬಂತೆ ಬಿಚ್ಚಿ ತಿನ್ನುತ್ತಾನೆ, ಮತ್ತೆ ಬಾಗಿಲು ನೋಡುತ್ತಾನೆ.

ಅತ್ತಿಗೆ ಬೇರೆಯಾದ ಮೇಲೆ ನಿನ್ನ ರಜೆಯ ದಿನಗಳೆಲ್ಲ ಆ ಮೈದಾನದಲ್ಲೇ ಕಳೆಯುತ್ತವೆ. ದೊರೆ ಟೈರಿನಿಂದ ಆಚೆಗೆ ಹಾರಿಬಂದಾಗ ನೀನು ನಗುವ ನಗುವನ್ನು ಈ ಮನೆಯೊಳಗೆ ನಾನು ಕಂಡಿಲ್ಲ. ಇದು ದೂರಲ್ಲ. ಎರಡು ಸಲ ಮರದ ಹಿಂದೆ ನಿಂತು ನೋಡಿದ್ದೆ, ಅಷ್ಟೆ. ನನಗೆ ಮಾತು ಬಾರದು, ನಿನಗೆ ಮನೆಯೊಳಗೆ ಮಾತು ಬಾರದು. ಒಂದೇ ತಾಯಿಯ ಮಕ್ಕಳು ಎನ್ನಲು ಬೇರೆ ಸಾಕ್ಷಿ ಬೇಡ. ನಮ್ಮಿಬ್ಬರ ನಡುವೆ ಓಡಾಡಿಕೊಂಡಿದ್ದವನು ಇವನೊಬ್ಬ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಬ್ಬಿಣದ ಏಣಿ ಇಳಿಯುವಾಗ ಹುಷಾರು. ಹಿರಿಯನಿಗೆ ಕಿರಿಯಳು ಹರಸಬಾರದು ಎನ್ನುತ್ತಾರೆ. ಆದರೂ ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ,
ಹಲ್ಲಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ಅವನು ಕುಂಟಿದ್ದು ಮೂರು ದಿನ ಅಲ್ಲ, ಹದಿನೇಳು ದಿನ. ಮೊದಲ ದಿನವೇ ಕುಂಟಿದ್ದು ಕಂಡೆ. ಚೆಂಡನ್ನು ಕಪಾಟಿನ ಮೇಲಿಟ್ಟೆ. ಅವನು ಕಪಾಟಿನ ಕೆಳಗೆ ಕೂತು ನನ್ನನ್ನೇ ನೋಡಿದ. ಕೊಟ್ಟೆ. ಅವನೇ ತರುತ್ತಾನಲ್ಲ, ನೋವಿದ್ದರೆ ತರುತ್ತಿದ್ದನೇ ಎಂದುಕೊಂಡು ಹದಿನಾಲ್ಕು ದಿನ ಎಸೆದೆ; ಕಾಲು ಊರದೆ ಹೋದ ಕೊನೆಯ ಮೂರು ದಿನವನ್ನಷ್ಟೇ ಪಶುವೈದ್ಯೆಗೆ ಹೇಳಿದೆ. ಪತ್ರ ನಿನ್ನ ಬಂದರಿಗೆ ಮುಟ್ಟಲು ಮೂರು ವಾರ ಬೇಕು, ಮಂಡಿ ಅಷ್ಟು ದಿನ ಕಾಯುವುದಿಲ್ಲ. ಆಸ್ಪತ್ರೆ ಆರಕ್ಕೆ ಮುಚ್ಚುತ್ತದೆ, ಈಗ ಐದೂಕಾಲು; ಹೋಗಿ ನಿಜ ಹೇಳಿ, ಕುಯ್ಯಿರಿ ಎಂದು ನಿನ್ನ ಜಾಗದಲ್ಲಿ ನಾನೇ ಸಹಿ ಹಾಕುತ್ತೇನೆ. ಕುಯ್ದರೂ ಇನ್ನು ಹಾರುವುದು ಅನುಮಾನ ಎನ್ನುತ್ತಾರೆ. ಹಾರದ ನಾಯಿಯೂ ನಾನೂ ಮಾತ್ರ ಇರುವ ಮನೆಗೆ ನೀನು ರಜೆಗೆ ಬರುತ್ತೀಯಾ, ಅಣ್ಣಾ?