ವಾಪಸು ಓಟ

ಸರೋವರದ ದಂಡೆ, ದೋಣಿ ಶೆಡ್ಡು
ಗುರುವಾರ, ಮಾರ್ಚ್ ೧೨

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನ್ನ ಮಗನೇ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಸೊಸೆಯ ಬೆನ್ನುನೋವು? ಮಾತ್ರೆ ನುಂಗುವುದರಲ್ಲಿ ಇಬ್ಬರೂ ಕಳ್ಳರು, ನನಗೆ ಗೊತ್ತು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಭುಜದ ಮೇಲೆ ಸೀಟುಬೆಲ್ಟಿನ ಬಾಸುಂಡೆ ಬಿಟ್ಟರೆ ಏನೂ ಇಲ್ಲ. ಅದು ಎಲ್ಲಿಂದ ಬಂತು ಎಂದು ಕಣ್ಣು ಕೆಕ್ಕರಿಸಬೇಡ. ಹೇಳುತ್ತೇನೆ, ಕೂತುಕೊಂಡು ಓದು.

"ಮೊದಲು ದೋಣಿ ಮಾರು, ಆಮೇಲೆ ನನ್ನನ್ನ ಮಗ ಅನ್ನು" ಎಂದು ಬಾಗಿಲು ಬಡಿದು ಹೋದೆಯಲ್ಲ, ಮಾರಲಿಲ್ಲ. ಮಾರುವುದೂ ಇಲ್ಲ. ನೀರಿನ ವೇಗದ ದಾಖಲೆಗೆ ಕೈಹಾಕಿದವರಲ್ಲಿ ಅರ್ಧಕ್ಕರ್ಧ ಜನ ಸತ್ತಿದ್ದಾರೆ ಎಂದೆಯಲ್ಲ. ಸುಳ್ಳಲ್ಲ. ಅವರಲ್ಲೊಬ್ಬರ ಜೊತೆ ಸಂಸಾರ ಮಾಡಿದವಳಿಗೆ ಪಾಠ ಹೇಳಬೇಡ. ಹೋಗುವಾಗ ಒಂದು, ಬರುವಾಗ ಒಂದು, ಎರಡು ಓಟವನ್ನೂ ಒಂದೇ ಗಂಟೆಯೊಳಗೆ ಮುಗಿಸಬೇಕೆಂಬುದು ನಿಯಮ. ನಿಮ್ಮಪ್ಪ ತಾವೇ ಎಬ್ಬಿಸಿದ ಅಲೆ ಮಲಗುವ ಮೊದಲೇ ವಾಪಸು ಓಟಕ್ಕೆ ದೋಣಿ ತಿರುಗಿಸಿದರು. ಆ ವೇಗದಲ್ಲಿ ನೀರು ಕಲ್ಲುಹಾಸಿನಷ್ಟು ಗಟ್ಟಿ ಕಣೋ. ಅಂಗೈ ಎತ್ತರದ ಅಲೆ ತಾಗಿ ದೋಣಿಯ ಮೂತಿ ಎದ್ದು, ಅದರ ಕೆಳಗೆ ಗಾಳಿ ಹೊಕ್ಕರೆ ಮುಗಿಯಿತು. ಅವರು ಹೋದದ್ದೂ ಹಾಗೆಯೇ. ಅವರ ಪರೀಕ್ಷೆಯ ಓಟಗಳಲ್ಲೆಲ್ಲ ಸ್ಟೀರಿಂಗ್ ಹಿಡಿದವಳು ನಾನು. ದಾಖಲೆಯ ದಿನ ಮಾತ್ರ ದಂಡೆಯಲ್ಲಿ ನಿಂತೆ. ಅಂದಿನಿಂದ ಊರವರ ಬಾಯಲ್ಲಿ ನಾನು ಬರೀ "ಪಾಪ, ಅವರ ಹೆಂಡತಿ". ಸಾಕಾಗಿದೆ.

ನಿನ್ನೆ ಬೆಳಿಗ್ಗೆ ನೀರಿಗಿಳಿದೆ. ದೋಣಿ ಕಟ್ಟಿಕೊಟ್ಟ ನಿನ್ನ ಸೋದರಮಾವ ಬೆಲ್ಟು ಬಿಗಿಯುತ್ತಾ ಅತ್ತುಬಿಟ್ಟ, ಚೆನ್ನಾಗಿ ಬೈದೆ. ಮೊದಲ ಓಟ ದಾಖಲೆಯನ್ನು ಮೀರಿತು! ದಂಡೆಯ ತುಂಬಾ ಸಿಳ್ಳೆ. ತಿರುಗಿ ನಿಂತೆ ನೋಡು, ಗಾಳಿ ಎದ್ದು ನೀರು ಸುಕ್ಕುಗಟ್ಟಿತು. ರೇಡಿಯೊದಲ್ಲಿ ನಿರ್ಣಾಯಕರು "ಅಮ್ಮಾ, ಟೈಮ್ ಹೋಗ್ತಿದೆ, ಬರ್ತೀರೋ ಇಲ್ವೋ?" ಎಂದರು. "ನೀರು ಮಲಗಲಿ, ಬರ್ತೀನಿ" ಎಂದೆ. ಮಲಗಲಿಲ್ಲ. ಗಂಟೆ ಮುಗಿಯಿತು, ಎಂಜಿನ್ ಆರಿಸಿದೆ. ದಡಕ್ಕೆ ಬಂದಾಗ "ಹೆದರಿಬಿಟ್ಲು" ಎಂದು ಯಾರೋ ಪಿಸುಗುಟ್ಟಿದರು. "ಹೆದರಿದೆ, ಏನೀಗ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಹೆದರಿದ್ದಕ್ಕೇ ಬದುಕಿದ್ದೇನೆ, ಬದುಕಿರುವುದರಿಂದಲೇ ಮತ್ತೆ ಇಳಿಯುತ್ತೇನೆ.

ಸೊಸೆಯ ತಲೆಯನ್ನು ನನ್ನ ಪರವಾಗಿ ನೇವರಿಸು. ನಿನ್ನ ಕೋಪಕ್ಕೆ ನೂರು ವರ್ಷ ಆಯಸ್ಸು ಸಿಗಲಿ, ನಿನಗೆ ಅದಕ್ಕಿಂತ ಒಂದು ಹೆಚ್ಚು.

ನಿನ್ನ ಹಟಮಾರಿ
ಅಮ್ಮ

ಅಯ್ಯೋ, ಮುಖ್ಯವಾದದ್ದೇ ಮರೆತೆ: ಭಾನುವಾರ ಮತ್ತೆ ಓಟ. ರಕ್ಷಣಾ ದೋಣಿಯವನು ತನ್ನಿಂದಾಗದು ಎಂದು ಕೈಯೆತ್ತಿದ್ದಾನೆ. ಈ ನೀರಿನಲ್ಲಿ ನಿನ್ನಷ್ಟು ಬೇಗ ನನ್ನನ್ನು ತಲುಪಬಲ್ಲವರು ಬೇರೆ ಯಾರೂ ಇಲ್ಲ. ತಡೆಯಲು ಬರುವುದಾದರೆ ಬರಬೇಡ. ಕಾಯಲು ಬಾ.