ಆಟದೊಳಗಿನ ಮಾವ

ದೊಡ್ಡಬೆಳವಂಗಲ,
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ಹರಿ ಮಾವನಿಗೆ ಕೀರ್ತನಳ ನಮಸ್ಕಾರ.

ಹೇಗಿದ್ದೀಯ? ಕೈಬೆರಳು ಬಿರಿದಿದ್ದು ವಾಸಿಯಾಯಿತೇ? ಕಳೆದ ಸಲ ಫೋನ್ ಮಾಡಿದಾಗ ಅಲ್ಲಿ ಮೈನಸ್ ಹದಿನಾಲ್ಕು ಅಂದೆಯಲ್ಲ, ಅದನ್ನು ಕೇಳಿ ಅಜ್ಜಿ, ‘ಮೈನಸ್ ಅಂದ್ರೆ ಕಡ್ಮೆ ತಾನೆ, ಚಳಿ ಕಡ್ಮೆ ಆಗೈತೆ ಬಿಡು’ ಎಂದು ನಿಶ್ಚಿಂತೆಯಾಗಿದ್ದಾಳೆ. ನಾನು ತಿದ್ದಲು ಹೋಗಲಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ, ಪಕ್ಕದ ಮನೆಗೆ ಹೋಗುವಾಗ ಇರುವುದಿಲ್ಲ. ಕಳೆದ ಭಾನುವಾರ ಅಮ್ಮ ನಮ್ಮೂರು ಆವತಿಯಿಂದ ಒಂದು ಚೀಲ ಅವರೆಕಾಯಿ ಹೊತ್ತು ಬಂದಿದ್ದಳು. ಮನೆಯೆಲ್ಲ ಸೊಗಡು, ನನ್ನ ಕಾಲೇಜು ಬ್ಯಾಗಿಗೂ ಹತ್ತಿದೆ.

ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಾದರೆ ಅಜ್ಜಿ ಸ್ಪೀಕರ್‌ಗೆ ಹಾಕು ಅನ್ನುತ್ತಾಳೆ. ಮೆಸೇಜಾದರೆ ನೀನು ಗಡಿಯ ಪೋಸ್ಟಿನಿಂದ ಕೆಳಗಿಳಿದಾಗ ನಲವತ್ತನ್ನೂ ಒಟ್ಟಿಗೆ ಓದಿ ಒಂದು ಹೆಬ್ಬೆರಳು ಎತ್ತಿ ಮುಗಿಸುತ್ತೀಯ. ಈ ವಿಷಯಕ್ಕೆ ಹೆಬ್ಬೆರಳು ಸಾಲದು. ವಿಷಯ ನಿನಗೂ ಗೊತ್ತು: ನೀನು ಯುಗಾದಿಗೆ ರಜೆ ಹಾಕಿ ಬಂದಾಗ ನಿನಗೂ ನನಗೂ ಮದುವೆ ಮಾತು ಮುಗಿಸಿಬಿಡಬೇಕು ಎಂದು ಅಜ್ಜಿ ಹೊರಟಿದ್ದಾಳೆ. ಆ ಮಾತಿಗೆ ನೇರವಾಗಿ ಬರಲು ಧೈರ್ಯವಿಲ್ಲ. ಅದಕ್ಕೇ ಮೊದಲು ಗೇಮಿನ ಸುದ್ದಿ ಹೇಳುತ್ತೇನೆ. ಅಲ್ಲಿ ಮಾತ್ರ ನಾನು ತೊದಲುವುದಿಲ್ಲ. ಆರನೇ ಕ್ಲಾಸಿನಿಂದ ಪಿಯುಸಿಯವರೆಗೆ ಹಾಸ್ಟೆಲ್ ಇಂಗ್ಲಿಷಿನಲ್ಲಿ ಬೆಳೆದವಳ ಕಾಗುಣಿತ ಇದು, ತಪ್ಪಿದ್ದಲ್ಲಿ ನೀನೇ ಒತ್ತು ಕೊಟ್ಟುಕೊಂಡು ಓದು.

ನೀನು ಬಿಟ್ಟುಹೋದ ಪಿಎಸ್ ಫೋರ್ ಗೇಮ್ ಕನ್ಸೋಲ್ ಇನ್ನೂ ನಡುಮನೆಯಲ್ಲಿ ಟಿವಿ ಪಕ್ಕದಲ್ಲೇ ಇದೆ. ಅದರ ಫ್ಯಾನ್ ಸದ್ದು ಜಾಸ್ತಿಯಾಗಿ ಅಜ್ಜಿ ‘ಗಿರಣಿ ಶುರುವಾಯ್ತು, ರಾಗಿ ತರ್ಲಾ’ ಅನ್ನತೊಡಗಿದಾಗ ನಾನೇ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಧೂಳು ತೆಗೆದು ಮುಚ್ಚಿದೆ. ಒಂದು ಸ್ಕ್ರೂ ಮಿಕ್ಕಿತು. ಆದರೂ ಓಡುತ್ತಿದೆ, ಯೋಚನೆ ಮಾಡಬೇಡ. ಹೊಸ ಬಾಕ್ಸ್ ಕೊಳ್ಳೋಣ ಅಂದಿದ್ದೆಯಲ್ಲ, ಬೇಡ. ಈಗ ಡಿಸ್ಕ್ ತೂರಿಸಲು ಸೀಳೇ ಇಲ್ಲದ ಬಾಕ್ಸ್‌ಗಳೂ ಬಂದಿವೆ. ನೀನು ಪ್ರತಿ ರಜೆಯಲ್ಲೂ ಆಡಿ ಮುಗಿಸಿದ ಡಿಸ್ಕ್ ಕೊಟ್ಟು ಬೇರೊಬ್ಬರು ಆಡಿ ಮುಗಿಸಿದ್ದನ್ನು ತರುತ್ತಿದ್ದೆ, ಕವರಿನ ಮೇಲೆ ಯಾರದೋ ಹೆಸರು ಸ್ಕೆಚ್ ಪೆನ್ನಿನಲ್ಲಿ ಇರುತ್ತಿತ್ತು. ಅದು ಆಟ. ಡೌನ್‌ಲೋಡ್ ಮಾಡಿದ್ದು ಗುತ್ತಿಗೆಗೆ ಹಿಡಿದ ಹೊಲ. ಉಳಬಹುದು, ಬಿತ್ತಬಹುದು, ಪಹಣಿಯಲ್ಲಿ ಹೆಸರು ಮಾತ್ರ ಅವರದೇ. ಯಾವತ್ತೋ ಒಂದು ದಿನ ಸರ್ವರ್ ನಿಲ್ಲಿಸಿ, ಸಾಕು ಏಳಿ ಮೇಲಕ್ಕೆ ಅಂದರೆ ಎದ್ದು ಬರಬೇಕು. ಡಿಸ್ಕ್ ತಂದರೂ ಈಗ ಸುಖವಿಲ್ಲ. ಹಾಕಿದ ದಿನವೇ ನಲವತ್ತು ಜಿಬಿ ಅಪ್‌ಡೇಟ್ ಕೇಳುತ್ತದೆ. ಹಸು ಮಾರಿದವನು ‘ಕೆಚ್ಚಲು ಮುಂದಿನ ವಾರ ಕಳಿಸ್ತೀನಿ’ ಅಂದ ಹಾಗೆ. ಸಂತೆಯಲ್ಲಿ ಹಾಗಂದವನನ್ನು ಜನ ಬಿಡುತ್ತಿದ್ದರೇ? ಇಲ್ಲಿ ಬಿಡುತ್ತಾರೆ, ಅಷ್ಟೇ ಅಲ್ಲ, ಮುಂಗಡ ಕೊಟ್ಟು ಕಾಯುತ್ತಾರೆ.

ಇನ್ನೊಂದು, ಪಾಜ್ ಬಟನ್. ಈಗಿನ ಎಷ್ಟೋ ಆಟಗಳನ್ನು ನಿಲ್ಲಿಸುವಂತೆಯೇ ಇಲ್ಲ, ಯಾವಾಗಲೂ ಆನ್‌ಲೈನ್, ಯಾವಾಗಲೂ ಯಾರೋ ಗುಂಡು ಹಾರಿಸುತ್ತಿರುತ್ತಾರೆ. ಪಾಜ್ ಮಾಡಲಾಗದ ಆಟ ಮನೆಯಲ್ಲಿ ವಾಸಿಸುವವರಿಗಾಗಿ ಮಾಡಿದ ಆಟವಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತದೆ, ನೀರು ಬಿಡುತ್ತಾರೆ, ಮೇಕೆ ಒಳಗೆ ಬರುತ್ತದೆ, ಅಜ್ಜಿಯ ಸೀರಿಯಲ್ ಶುರುವಾಗುತ್ತದೆ. ಎದ್ದು ಹೋಗಿ ಬರುವ ತನಕ ಕಾಯುವ ತಾಳ್ಮೆ ಇರುವ ಆಟವನ್ನೇ ನಾನು ಒಳ್ಳೇ ಆಟ ಅನ್ನುವುದು. ನಕ್ಷೆ ಎಷ್ಟು ದೊಡ್ಡದು, ಕುದುರೆಯ ಬಾಲದಲ್ಲಿ ಎಷ್ಟು ಕೂದಲು ಎಂದು ಲೆಕ್ಕ ಕೊಡುವವರ ಮೇಲೆ ನನಗೆ ನಂಬಿಕೆ ಇಲ್ಲ. ಮುದ್ದೆಯ ಗಾತ್ರ ನೋಡಿ ಸಾರು ಚೆನ್ನಾಗಿದೆ ಅನ್ನಲಾಗುತ್ತದೆಯೇ? ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಓಡುತ್ತವಲ್ಲ, ಅದನ್ನು ಮಾತ್ರ ನಾನು ಹಾರಿಸುವುದಿಲ್ಲ. ಆಮೇಲೆ ಸುದ್ದಿ ಓದಿದರೆ ಗೊತ್ತಾಗುತ್ತದೆ, ಆಟ ಚೆನ್ನಾಗಿ ಮಾರಿದ ವರ್ಷವೇ ಆ ಹೆಸರುಗಳಲ್ಲಿ ನೂರಾರು ಜನರನ್ನು ಕೆಲಸದಿಂದ ತೆಗೆದಿರುತ್ತಾರೆ. ಬೆಳೆ ಮನೆಗೆ ಬಂದ ಮಾರನೇ ದಿನ ಕುಯ್ದವರಿಗೆ ಬಾಗಿಲು ಹಾಕುವ ಕಸುಬು ಇದು. ಇಷ್ಟು ಗೊತ್ತಿದ್ದೂ ಆ ಕಸುಬಿಗೇ ಹೋಗಬೇಕು ಅಂತಿದ್ದೀಯಲ್ಲ ಎಂದು ನೀನು ಕೇಳಬಹುದು. ಕೇಳು, ಉತ್ತರ ಇದೆ.

ಅದಕ್ಕೆ ಮೊದಲು ಒಂದು ಜಗಳದ ಕಥೆ. ನಮ್ಮ ಕ್ಲಾಸಿನ ಸುನಿಲ್‌ಕುಮಾರ್ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದ, ‘ಕನ್ಸೋಲ್ ಸತ್ತೋಯ್ತು ಗುರು, ಈಗೇನಿದ್ರೂ ಮೊಬೈಲೇ.’ ಕ್ಲಾಸಿನಲ್ಲಿ ಅಟೆಂಡೆನ್ಸ್‌ಗೆ ಎಸ್ ಸರ್ ಅನ್ನಲು ಹೆದರುವ ನಾನು ಎರಡು ಸೀಟಿನ ಹಿಂದಿನಿಂದ, ‘ಮೊಬೈಲಲ್ಲಿ ನೀನು ಆಡ್ತಿಲ್ಲ ಕಣೋ, ಅದು ನಿನ್ನ ಆಡಿಸ್ತಿದೆ. ದಿನಾ ಬಂದು ಹಾಜ್ರಿ ಹಾಕಿಲ್ಲ ಅಂದ್ರೆ ಕತ್ತಿ ಕಿತ್ಕೊಳ್ಳುತ್ತೆ, ಅದು ಆಟನಾ ಫ್ಯಾಕ್ಟ್ರಿನಾ?’ ಅಂದುಬಿಟ್ಟೆ. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಕೂಡ ‘ಅಕ್ಕ ಹೊಡೆದ್ಳು ನೋಡಪ್ಪಾ’ ಅಂದ. ಇಳಿದ ಮೇಲೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂತಿದ್ದೆ, ಅದು ಬೇರೆ ಮಾತು.

ಈಗ ಉತ್ತರ. ಯಲಹಂಕದಲ್ಲಿ ಒಂದು ಮನೆಯ ಮಹಡಿಯಲ್ಲಿ ಐದು ಜನ ಸೇರಿ ಒಂದು ಪುಟ್ಟ ಕನ್ಸೋಲ್ ಆಟ ಮಾಡುತ್ತಿದ್ದಾರೆ. ಅವರಲ್ಲಿ ರಮ್ಯ ಎಂಬವರು, ನಾನು ಇಂಟರ್ನೆಟ್ಟಿನಲ್ಲಿ ಪಾಜ್ ಇಲ್ಲದ ಆಟಗಳ ಬಗ್ಗೆ ಉದ್ದಕ್ಕೆ ಬೈದು ಬರೆದಿದ್ದನ್ನು ಓದಿ, ನಮ್ಮ ಆಟವನ್ನು ಕನ್ನಡಕ್ಕೆ ತರುತ್ತೀಯಾ ಎಂದು ಕೇಳಿದರು. ಹದಿನೈದು ಭಾಷೆಗಳಲ್ಲಿ ಬರುವ ಆಟ ನೋಡಿದ್ದೇನೆ, ಅದರಲ್ಲಿ ಕನ್ನಡ ನೋಡಿಲ್ಲ. ಹೂಂ ಅಂದೆ. ಪರೀಕ್ಷೆಗೆಂದು ಅರವತ್ತು ಇಂಗ್ಲಿಷ್ ವಾಕ್ಯ ಕಳಿಸಿದರು. ಒಬ್ಬಳು ಹುಡುಗಿ, ಅವಳ ಅಂಕಲ್, ಒಂದು ದೋಣಿ. ಇಬ್ಬರೂ ಜನರನ್ನು ಹೊಳೆ ದಾಟಿಸುತ್ತಾರೆ, ಗುಂಡಿಲ್ಲ, ರಕ್ತವಿಲ್ಲ, ಎಲ್ಲಿ ಬೇಕಾದರೂ ಪಾಜ್ ಮಾಡಬಹುದು. ಮೊದಲನೇ ವಾಕ್ಯದಲ್ಲೇ ಸಿಕ್ಕಿಬಿದ್ದೆ. ಹುಡುಗಿ ದಡದಿಂದ ಕೂಗುತ್ತಾಳೆ, ‘ಅಂಕಲ್, ನನ್ನ ಬಿಟ್ಟು ಹೋಗಬೇಡ.’ ನಮ್ಮಲ್ಲಿ ಅಂಕಲ್ ಅಂದರೆ ಅಂಗಡಿಯವರು. ಚಿಕ್ಕಪ್ಪನೋ ದೊಡ್ಡಪ್ಪನೋ ಮಾವನೋ ಇಂಗ್ಲಿಷ್ ಹೇಳುವುದೇ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ರಮ್ಯ ಅವರನ್ನು ಕೇಳಿದೆ. ಮೂರನೇ ಭಾಗದಲ್ಲಿ ಅವನು ಹುಡುಗಿಯ ಅಮ್ಮನನ್ನು ನನ್ನಕ್ಕ ಅನ್ನುತ್ತಾನೆ ಎಂದರು. ಸರಿ, ಮಾವ.

ಕಳೆದ ಭಾನುವಾರ ಅಜ್ಜಿ, ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ನಾನು ಅದನ್ನು ಗಟ್ಟಿಯಾಗಿ ಓದಿದೆ, ಕನ್ನಡ ಬಾಯಿಗೆ ಕೂರುತ್ತದೆಯೋ ಇಲ್ಲವೋ ನೋಡಲು. ‘ಮಾವಾ, ನನ್ನ ಬಿಟ್ಟೋಗ್ಬೇಡ.’ ಅಜ್ಜಿ ತಲೆಯೆತ್ತಿ, ‘ಮಾವ ಅಂತಾಳಾ? ಹಂಗಾದ್ರೆ ಕೊನೇಲಿ ಅವ್ನೇ ತಾಳಿ ಕಟ್ತಾನೆ ಬಿಡು, ಇನ್ನೇನ್ ಕಥೆ!’ ಅಂದಳು. ಅಮ್ಮ ನಕ್ಕಳು, ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಅಜ್ಜಿ, ‘ನಮ್ ಹರೀಗೂ ಇಪ್ಪತ್ತೇಳಾಯ್ತು ಭಾಗ್ಯ. ಹೊರಗಿನ್ ಹುಡ್ಗೀನ ಯಾಕ್ ಹುಡುಕ್ಬೇಕು, ಮಗ್ಳ ಮಗ್ಳು ಮನೇಲೇ ಅವ್ಳೆ’ ಅಂದಳು. ಅಮ್ಮ ನಗು ನಿಲ್ಲಿಸಿದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಅವಳ ಡಿಗ್ರಿ ಮುಗೀಲಮ್ಮ’ ಎಂದಷ್ಟೇ ಅಂದಳು. ನಮ್ಮ ಮನೆಯಲ್ಲಿ ಅದರ ಅರ್ಥ ಹೂಂ ಅಂತಲೇ ಅಲ್ಲವೇ? ಆಮೇಲೆ ಹಿತ್ತಲಲ್ಲಿ ನನ್ನ ತಲೆ ಬಾಚುತ್ತಾ, ‘ಬೇರೆಯೋಳು ಬಂದ್ರೆ ನಂಗೆ ತವರು ಇರುತ್ತೋ ಇಲ್ವೋ ಕಣೇ’ ಅಂದಳು. 

ಆ ರಾತ್ರಿ ಆ ಅರವತ್ತು ವಾಕ್ಯಗಳನ್ನು ಮತ್ತೆ ತೆರೆಯಲಿಲ್ಲ. ಆದರೆ ಬೆಳಿಗ್ಗೆ ಒಂದು ವಿಷಯ ಹೊಳೆಯಿತು. ನಮ್ಮ ಸೀಮೆಯವರು ಯಾರೇ ಈ ಆಟ ಆಡಿದರೂ ಮೊದಲನೇ ದೃಶ್ಯದಿಂದಲೇ ಮದುವೆಗೆ ಕಾಯುತ್ತಾ ಕೂರುತ್ತಾರೆ! ಮಾಡಿದ ಐದು ಜನರಲ್ಲಿ ಒಬ್ಬರಿಗೂ ಅದು ಹೊಳೆದಿಲ್ಲ. ರಮ್ಯ ಅವರಿಗೆ ವಿಡಿಯೋ ಕಾಲಿನಲ್ಲಿ ಹೇಳಿದರೆ, ‘ಅಯ್ಯೋ, ನಿಜವಾಗ್ಲೂ ಹಂಗಂದ್ಕೋತಾರಾ?’ ಎಂದು ಬಾಯಿಗೆ ಕೈ ಇಟ್ಟುಕೊಂಡರು. ಹೆಸರು ಬದಲಿಸುವ ಹಾಗಿಲ್ಲ, ಸಂಬಂಧ ಬದಲಿಸುವ ಹಾಗಿಲ್ಲ. ಹುಡುಗಿ ಕೂಗಿದ್ದಕ್ಕೆ ಇಂಗ್ಲಿಷಿನ ಅಂಕಲ್ ಬರೀ ‘ಗಟ್ಟಿಯಾಗಿ ಹಿಡ್ಕೋ’ ಅನ್ನುತ್ತಾನೆ. ನಾನು ಅದಕ್ಕೆ ಮುಂದೆ ಒಂದು ಮಾತು ಸೇರಿಸಿದೆ: ‘ತೊಟ್ಟಿಲು ತೂಗಿದೋನು ನಾನು, ನಿನ್ನ ಬಿಟ್ಟು ಎಲ್ಲಿಗೋಗ್ಲಿ ಮಗಾ, ಗಟ್ಟಿಯಾಗಿ ಹಿಡ್ಕೋ.’ ಅಜ್ಜಿಯ ಮುಂದೆ ಮತ್ತೆ ಓದಿದೆ. ಅಜ್ಜಿ, ‘ಮಗಾ ಅಂದ್ನಾ? ಹಂಗಾದ್ರೆ ಸಾಕಿದ್ ಮಾವ. ಅವ್ರಿಬ್ರಿಗೂ ಆಗಲ್ಲ ಬಿಡು’ ಅಂದು ಕಾಯಿ ಸುಲಿಯತೊಡಗಿದಳು. ಒಂದೇ ವಾಕ್ಯ, ಮಾವ! ರಮ್ಯ ಅವರು ಅದನ್ನು ಒಪ್ಪಿದರು, ಮೊನ್ನೆ ಶುಕ್ರವಾರ ಇಡೀ ಆಟದ ಕನ್ನಡ ನನಗೇ ಕೊಟ್ಟರು. ದೊಡ್ಡ ಕಂಪನಿಗಳು ಇದನ್ನೆಲ್ಲ ಯಂತ್ರಕ್ಕೆ ಹಾಕಿ ತಿರುಗಿಸಿ ಅಂಕಲ್ ಅಂತಲೇ ಬಿಡುತ್ತಿದ್ದವು. ಅದಕ್ಕೇ ಈ ಕಸುಬಿಗೆ ಹೋಗಬೇಕು ಅನ್ನುವುದು. ಅಲ್ಲಿ ಯಾರೋ ಒಬ್ಬರು ಅವರೆಕಾಯಿ ಸುಲಿಯುವವರ ಮುಂದೆ ಗಟ್ಟಿಯಾಗಿ ಓದಬೇಕು.

ಅಜ್ಜಿಗೆ ಆಟದ ಮಾವ ಒಂದೇ ಮಾತಿಗೆ ಅರ್ಥವಾದ. ಮನೆಯ ಮಾವನ ವಿಷಯಕ್ಕೆ ಬಂದರೆ ಮಾತ್ರ ಕಿವಿ ಕೇಳುವುದಿಲ್ಲ. ನನಗೆ ಕಂಟ್ರೋಲರ್ ಹಿಡಿಯಲು ಕಲಿಸಿದಾಗ ನೀನು ಹದಿನೈದು, ನಾನು ಆರು. ಹಾಸ್ಟೆಲಿನ ವಿಸಿಟಿಂಗ್ ಭಾನುವಾರಗಳಲ್ಲಿ ಅಪ್ಪನಿಗೆ ಹಸು ಬಿಟ್ಟು ಬರಲಾಗದಿದ್ದಾಗ ನೀನು ಬರುತ್ತಿದ್ದೆ. ‘ಯಾರೇ ಅದು’ ಎಂದು ಗೆಳತಿಯರು ಕೇಳಿದರೆ ನಾನು ಇಂಗ್ಲಿಷಿನಲ್ಲಿ ಅಂಕಲ್ ಅನ್ನುತ್ತಿದ್ದೆ, ನಿನಗೆ ಕೋಪ ಬರುತ್ತಿತ್ತು. ಈಗ ನನಗಿರುವ ಹೆದರಿಕೆ ಒಂದೇ, ನಿನ್ನ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ. ಕಳೆದ ತಿಂಗಳು ನಾನಿಲ್ಲದಾಗ ಅಜ್ಜಿ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದಾಗ ‘ನೋಡೋಣ’ ಅಂದೆಯಂತೆ. ನೋಡೋಣ ಅಂದರೆ ಏನು ಮಾವ? ಕಾಲೇಜಿಗೆಂದು ನಾನಿರುವುದು ನಿನ್ನ ಮನೆಯಲ್ಲಿ, ಉಣ್ಣುವುದು ನಿನ್ನಮ್ಮನ ಕೈಯಿಂದ. ಹೀಗಿರುವಾಗ ಬಾಯಿಬಿಟ್ಟು ಹೇಳುವುದು ಹೇಗೆ?

ಅಜ್ಜಿ ನಿನಗೆ ಎಳ್ಳು ಬೆಲ್ಲ ಕಟ್ಟಿ ಇಟ್ಟಿದ್ದಾಳೆ, ಇದರ ಜೊತೆಗೇ ಕಳಿಸುತ್ತೇನೆ, ನಿನ್ನ ಜೊತೆಯವರಿಗೂ ಕೊಡು. ಕಾಲುಚೀಲ ಎರಡು ಜೊತೆ ಹಾಕಿಕೋ. ಸಂಕ್ರಾಂತಿಯ ಬಿಸಿಲು ನಿನ್ನ ಬೆಟ್ಟಕ್ಕೂ ಒಂದಿಷ್ಟು ಬರಲಿ.

ನಿನ್ನ ಅಕ್ಕನ ಮಗಳು,
ಕೀರ್ತನ

ವಿ.ಸೂ.: ಸೋಮವಾರ ಬೆಳಿಗ್ಗೆ, ಬಸ್‌ಸ್ಟಾಪಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಹೇಳಿಬಿಟ್ಟೆ ಮಾವ. ಅಜ್ಜಿ ಬುತ್ತಿ ಕಟ್ಟುತ್ತಿದ್ದಳು, ‘ಅಜ್ಜೀ, ಹರಿ ಮಾವನ್ನ ನಾನು ಮದ್ವೆ ಆಗಲ್ಲ’ ಅಂದೆ. ಬೈಯಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ, ‘ಅವ್ನು ಒಪ್ಕೊಂಡ್ರೆ?’ ಎಂದು ಮಾತ್ರ ಕೇಳಿದಳು. ತಿಂಗಳ ಕೊನೆಗೆ ನೀನು ಕೆಳಗಿಳಿದು ಫೋನ್ ಮಾಡಿದಾಗ ಅದನ್ನೇ ನಿನ್ನನ್ನು ಕೇಳುತ್ತಾಳೆ. ನಿನ್ನ ಸ್ವಭಾವ ನನಗೆ ಗೊತ್ತು, ‘ಅವಳಿಷ್ಟ ಅಮ್ಮ’ ಅಂದುಬಿಡುತ್ತೀಯ. ದಯವಿಟ್ಟು ಹಾಗನ್ನಬೇಡ. ಹಾಗಂದರೆ ನೀನು ಒಪ್ಪಿದ್ದೆ, ನಾನು ಒಲ್ಲೆ ಅಂದೆ ಅಂತಾಗಿ, ಅಮ್ಮ ತವರಿನ ಬಾಗಿಲಿಗೆ ಬರಲಾರಳು. ‘ನನಗೆ ಬೇಡ’ ಎಂದು ಎಲ್ಲ ನಿನ್ನ ತಲೆ ಮೇಲೆ ಹಾಕಿಕೊಳ್ಳಲೂ ಬೇಡ, ನನ್ನ ಪಾಲಿನದನ್ನು ನಾನು ಹೇಳಿಯಾಗಿದೆ. ‘ನನಗೂ ಬೇಡ’ ಅನ್ನು. ಅಷ್ಟೇ ಸಾಕು. ಸ್ಪೀಕರ್‌ನಲ್ಲಿ ಎಲ್ಲರೂ ಕೇಳುತ್ತಿರುತ್ತಾರೆ, ಆ ‘ಗೂ’ ಸ್ವಲ್ಪ ಗಟ್ಟಿಯಾಗಿ ಅನ್ನು. ಬಸ್ಸು ಬಂತು.