ಮೊದಲು ಯಾರಿಗೆ ಹೇಳಿದಿರಿ

ಮನೆಯಿಂದ,
ಗುರುವಾರ, ಮಾರ್ಚ್ ೧೩

ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಎಡ ಮಂಡಿ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳಿಗೆ ಇನ್ನೊಂದು ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ಪೌಡರ್ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಸಿಟ್ಟು ಕರಗಿಬಿಡುತ್ತದೆ. ಈ ಸಲ ಅದು ಕರಗುವುದು ನನಗೆ ಬೇಕಿಲ್ಲ.

ಮದುವೆಯಾಗಿ ಹನ್ನೊಂದು ವರ್ಷ. ಹೋದ ವರ್ಷದವರೆಗೆ ನಿಮಗೆ ಏಳು ಫುಟ್‌ಬಾಲ್ ಕ್ಲಬ್ಬುಗಳು, ನನಗೆ ಏಳು ಅಡುಗೆಮನೆಗಳು. ಗೋಲು ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ. ನಡುಮೈದಾನದಿಂದ ಅವನಿಗೆ ಚೆಂಡು ಕೊಟ್ಟ ನಿಮ್ಮದು ಬರೀ ಮೊಣಕೈ, ಅದೂ ಫೋಟೋದ ಅಂಚಿನಲ್ಲಿ. ಆ ಮೊಣಕೈಯನ್ನೂ ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿದವಳು ನಾನು. ಹೋದ ಊರಲ್ಲೆಲ್ಲ ರಕ್ತಪರೀಕ್ಷೆಯ ಲ್ಯಾಬ್ ಹುಡುಕಿಕೊಂಡು ಕೆಲಸಕ್ಕೆ ಸೇರಿದೆ, ಕೆಲಸ ಕೈಗೆ ಹತ್ತುವ ಹೊತ್ತಿಗೆ ಬಿಟ್ಟು ಪಾತ್ರೆ ಕಟ್ಟಿದೆ. ಅದಕ್ಕೆ ಬೇಸರವಿಲ್ಲ. ನಿಮ್ಮ ಮಂಡಿ ನನ್ನ ಕೈಯಲ್ಲಿ ಪಳಗಿದ್ದು. ಪಟ್ಟಿ ಎಲ್ಲಿ ಬಿಗಿಯಾಗಬೇಕು, ಎಲ್ಲಿ ಸಡಿಲವಿರಬೇಕು ಎಂದು ನನಗಿಂತ ಬಲ್ಲವರಿಲ್ಲ ಎಂದುಕೊಂಡಿದ್ದೆ. ಈ ವರ್ಷ ಮಗಳ ಶಾಲೆಗಾಗಿ ನಾವಿಲ್ಲಿ ಉಳಿದೆವು, ಹೊಸ ಕ್ಲಬ್ಬಿನ ಊರಿಗೆ ನೀವೊಬ್ಬರೇ ಹೋದಿರಿ. ಅಲ್ಲಿಂದ ಶುರುವಾಯಿತು ನೋಡಿ. ಫೋನ್ ಎತ್ತಿದರೆ ಸಾಕು, "ಫಿಸಿಯೋ ಹೀಗಂದ್ರು, ಫಿಸಿಯೋ ಹಾಗಂದ್ರು." ಆಟಗಾರರ ಕೈಕಾಲು ನೋವು ನೋಡಿಕೊಳ್ಳಲು ಕ್ಲಬ್ಬು ಇಟ್ಟುಕೊಂಡವರಂತೆ, ಐಸ್ ಇಡುವುದನ್ನು ಅವರಿಂದ ಕಲಿಯಬೇಕಂತೆ. ಹನ್ನೊಂದು ವರ್ಷ ನಾನೇನು ನಿಮ್ಮ ಮಂಡಿಗೆ ಕುದಿಯುವ ನೀರು ಸುರಿದೆನೇ?

ಕಳೆದ ಭಾನುವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ನಿಮಗೆ ಹೇಳದೆ ಬಸ್ಸು ಹತ್ತಿದೆ. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದೆ, ಯಾರಿಗೆ ತೋರಿಸಲು ಎಂದು ಮಾತ್ರ ಕೇಳಬೇಡಿ. ಗೋಲ್ ಕಂಬದ ಹಿಂದೆ ಕೂತೆ. ಎಪ್ಪತ್ತನೆಯ ನಿಮಿಷಕ್ಕೆ ನಿಮ್ಮನ್ನು ಮೈದಾನಕ್ಕಿಳಿಸಿದರು. ಹತ್ತೇ ನಿಮಿಷದಲ್ಲಿ ಬಿದ್ದಿರಿ. ನಾನು ಎದ್ದು ನಿಂತೆ. ಅಷ್ಟರಲ್ಲಿ ನಿಮ್ಮ ಆ ಫಿಸಿಯೋ ಚೀಲ ಹಿಡಿದು ಓಡಿಬಂದಳು. ಮಂಡಿ ಹಿಡಿದು ಏನೋ ಹೇಳಿದಳು, ನೀವು ನಕ್ಕಿರಿ. ನನ್ನೆದುರು ನೋವಿನಲ್ಲಿ ನೀವು ಗೊಣಗಿದ್ದೀರಿ, ನಕ್ಕಿದ್ದಿಲ್ಲ. ಆಮೇಲೆ ಆಕೆಯ ಹೆಗಲ ಮೇಲೆ ಕೈಹಾಕಿ ಕುಂಟುತ್ತ ಹೊರಹೋದಿರಿ.

ಆಟ ಮುಗಿದ ಮೇಲೆ ಆಟಗಾರರು ಹೊರಬರುವ ಗೇಟಿನ ಬಳಿ ನಿಂತೆ. ಮೊದಲು ಬಂದವಳು ಆಕೆಯೇ. ನನಗಿಂತ ಹತ್ತು ವರ್ಷ ದೊಡ್ಡವಳು, ದಪ್ಪ ಕನ್ನಡಕ, ಬೂಟಿನ ತುಂಬ ಕೆಸರು. ಸುಳ್ಳೇಕೆ, ಜೀವ ಹಗುರಾಯಿತು. ಅಷ್ಟರಲ್ಲಿ ಗೇಟಿನವನು ನಿಮ್ಮ ಬಗ್ಗೆ ಕೇಳಿದ, "ಎಂಟನೇ ನಂಬರಿನವರ ಕಾಲು ಹೆಂಗಿದೆ ಮೇಡಂ?" ಆಕೆ ಅಂದಳು, "ಇವತ್ತೇನೂ ಆಗಿಲ್ಲ. ಆದ್ರೆ ಈ ಸೀಸನ್ನೇ ಕೊನೆ, ಆಮೇಲೆ ಆಡಲ್ಲ ಅಂದ್ರು. ಮನೇಲಿ ಇನ್ನೂ ಹೇಳಿಲ್ವಂತೆ, ಪಾಪ."

ನಿಮಗಾಗಿ ಕಾಯಲಿಲ್ಲ. ಸಿಕ್ಕ ಬಸ್ಸು ಹತ್ತಿ ಬಂದುಬಿಟ್ಟೆ. ಹೆಗಲ ಮೇಲಿನ ಕೈಯನ್ನು ದಾರಿಯಲ್ಲೇ ಮರೆತೆ, ಇದನ್ನು ಮರೆಯಲಾಗುತ್ತಿಲ್ಲ. ಒಂದೊಂದು ಕ್ಲಬ್ಬು ನಿಮ್ಮನ್ನು ಬೇಡವೆಂದಾಗಲೂ ಶೂ ಬಿಚ್ಚುವ ಮೊದಲೇ, ಬಾಗಿಲಲ್ಲಿ ನಿಂತು ನನಗೆ ಹೇಳಿದ್ದೀರಿ. ಆ ಕೆಟ್ಟ ಸುದ್ದಿಗಳೆಲ್ಲ ನನ್ನ ಸ್ವತ್ತು. ಎಲ್ಲಕ್ಕಿಂತ ದೊಡ್ಡದನ್ನು ಬೇರೆಯವರ ಕೈಗೆ ಕೊಟ್ಟಿರಲ್ಲ. ನಾನು ಅಳುತ್ತೇನೆಂದು ಹೆದರಿದಿರಾ? ಅಳುತ್ತಿದ್ದೆ. ಆಮೇಲೆ ಎದ್ದು ಟೀ ಮಾಡಿಕೊಡುತ್ತಿದ್ದೆ.

ಮಂಡಿ ಜೋಪಾನ. ಆಕೆ ಹೇಳಿದಂತೆಯೇ ಐಸ್ ಇಡಿ. ಆಕೆಗೆ ಕೆಲಸ ಗೊತ್ತು, ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ ಅಷ್ಟೆ. ಮಗಳು ಮುತ್ತು ಕಳಿಸಿದ್ದಾಳೆ, ನಾನು ಕಳಿಸಿಲ್ಲ.

ಇನ್ನೂ ಸಿಟ್ಟಿನಲ್ಲಿರುವ,
ನಿಮ್ಮವಳು

ಇನ್ನೊಂದು ಮಾತು: ಅಂಚೆಗೆ ಹಾಕಲು ಹೊರಟವಳು ಗೋಡೆಗೆ ಕಾಗದ ಒತ್ತಿಕೊಂಡು ಬರೆಯುತ್ತಿದ್ದೇನೆ. ಇಲ್ಲಿಯ ಲ್ಯಾಬಿನಲ್ಲಿ ನನ್ನ ಕೆಲಸ ಕಾಯಂ ಆಯಿತು, ನಿನ್ನೆ ಸಹಿ ಹಾಕಿದೆ. ಇನ್ನು ನಾನು ಊರು ಬದಲಿಸುವುದಿಲ್ಲ. ಸೀಸನ್ ಮುಗಿದ ಕೂಡಲೇ ನೀವು ಇಲ್ಲಿಗೆ ಬನ್ನಿ. ಈ ಸುದ್ದಿಯನ್ನು ಮೊದಲು ಹೇಳಿದ್ದು ಹಾಲಿನಂಗಡಿಯ ಅಜ್ಜನಿಗೆ. ಅವರಿಗೆ ಕಿವಿ ಮಂದ, ಎರಡು ಸಲ ಕೂಗಿ ಹೇಳಿದೆ. ನೀವು ಎರಡನೆಯವರು.